ಏಳನೆಯ ಸೈರನ್

ಮೇ 12

ಬೋಲ್ಟು ಅವರಿಗೆ,

ಹೀಗೆ ಕರೆಯುವುದು ಸರಿಯೋ ತಪ್ಪೋ ತಿಳಿಯದೆ ಎರಡು ಕಾಗದ ಹರಿದು ಹಾಕಿದೆ. ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮುಂದೆ ನಿಂತು ದಿನವಿಡೀ ಬೋಲ್ಟು ಕಡೆಯುತ್ತಿದ್ದ ಹುಡುಗನಿಗೆ ಆ ಹೆಸರು ಒಪ್ಪುತ್ತಿತ್ತು. ಅರವತ್ತೈದು ದಾಟಿದವರನ್ನು ಹಾಗೆ ಕರೆದರೆ ಚೆನ್ನಾಗಿರುವುದಿಲ್ಲ. ಆದರೆ ಬೇರೆ ಹೆಸರಿನಿಂದ ನಿಮ್ಮನ್ನು ಕರೆದು ನನಗೆ ಅಭ್ಯಾಸವಿಲ್ಲ.

ಮೂವತ್ತೆಂಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಬರೆಯುತ್ತಿದ್ದಾಳೆ ಅನ್ನಿಸಬಹುದು. ಗ್ರಂಥಾಲಯದಿಂದ ಒಬ್ಬ ಹುಡುಗಿ ಬರುತ್ತಿದ್ದಾಳೆ. ಆ ಕಾಲದ ಹೋರಾಟದಲ್ಲಿದ್ದವರು ಸಾಯುವ ಮುಂಚೆ ಅವರ ನೆನಪುಗಳನ್ನು ಧ್ವನಿ ಮುದ್ರಿಸಿಕೊಂಡು ಪುಸ್ತಕ ಮಾಡಬೇಕಂತೆ. ಸಾಯುವ ಮುಂಚೆ ಅಂತ ಅವಳು ಹೇಳಲಿಲ್ಲ, ಅವಳ ಅವಸರ ನೋಡಿದರೆ ಗೊತ್ತಾಗುತ್ತದೆ. ಮೂರು ಮಧ್ಯಾಹ್ನ ಕೂತು ಹೇಳಿದ್ದೇನೆ. ಗಿರಣಿಗೆ ಬೀಗ ಬಿದ್ದದ್ದು, ನಾಲ್ಕು ಸಾವಿರ ಜನ ರಸ್ತೆಗೆ ಬಂದದ್ದು, ಆಸ್ಪತ್ರೆಯ ಬ್ಯಾಂಡೇಜ್ ಪೆಟ್ಟಿಗೆಗಳಲ್ಲಿ ನಾನು ಕರಪತ್ರ ಸಾಗಿಸಿದ್ದು, ಸಂಘವನ್ನು ನಿಷೇಧಿಸಿದ ಮೇಲೆ ಒಬ್ಬೊಬ್ಬರೇ ತಲೆಮರೆಸಿಕೊಂಡದ್ದು, ಎಲ್ಲ ಹೇಳಿದೆ. ನನ್ನ ತಮ್ಮನ ವಿಷಯ ಬಂದಾಗ ಊರಿಗೇ ಗೊತ್ತಿರುವುದನ್ನು ಹೇಳಿದೆ: ನಿಮ್ಮನ್ನು ಹಿಡಿದರು, ಅವನು ಅಡಗಿದ್ದ ಮನೆಯನ್ನು ನೀವು ತೋರಿಸಿಕೊಟ್ಟಿರಿ, ಪೊಲೀಸರು ಅವನನ್ನು ಕೊಂದರು. ಅದಕ್ಕೆ ಒಂದು ಮಾತೂ ಹೆಚ್ಚಿಗೆ ಸೇರಿಸಿಲ್ಲ.

ಡಿಸೆಂಬರಿನಲ್ಲಿ ನೀರಿನ ಟ್ಯಾಂಕಿನ ಹಿಂದೆ, ಅವನು ಬಿದ್ದ ಜಾಗದಲ್ಲಿ, ಅವನ ಹೆಸರಿನ ಕಲ್ಲು ನಿಲ್ಲಿಸುತ್ತಾರೆ. ಪರದೆ ಸರಿಸಲು ನನ್ನನ್ನು ಕರೆದಿದ್ದಾರೆ.

ಆ ಹುಡುಗಿ ನಿಮ್ಮ ವಿಳಾಸವನ್ನೂ ಹುಡುಕಿದ್ದಾಳೆ, ಅವಳಿಂದಲೇ ನನಗೂ ಸಿಕ್ಕಿತು. ನಿಮ್ಮ ಮೇಲೆ ನನಗೆ ಈಗ ಸಿಟ್ಟಿಲ್ಲ. ನಿಮಗೆ ತೋಚಿದ್ದನ್ನು ಹೇಳಿ. ಸೈಕಲ್ ಅಂಗಡಿಯ ಮಾಳಿಗೆಯಲ್ಲಿ ನಾವು ನಾಲ್ವರು ಆಡಿಕೊಂಡ ಮಾತುಗಳನ್ನು ಮಾತ್ರ ಎತ್ತುವುದು ಬೇಡ. ಅವು ಹುಡುಗಾಟಿಕೆಯ ನಿಯಮಗಳು, ಈಗಿನವರಿಗೆ ಅರ್ಥವಾಗುವುದಿಲ್ಲ. ತಮ್ಮ ಅಂದೇ ಹೋದ, ಸಂಘ ನಡೆಸುತ್ತಿದ್ದ ವಕೀಲರು ಹೋಗಿ ಮೂರು ವರ್ಷವಾಯಿತು. ಅದನ್ನು ಬಲ್ಲವರು ಉಳಿದಿರುವುದು ನಾವಿಬ್ಬರೇ.

ನಿಮ್ಮ ಒಳ್ಳೆಯದನ್ನೇ ಬಯಸುವ,
ಅಕ್ಕ


ಮೇ 29

ಅಕ್ಕನಿಗೆ,

‘ನೀವು’ ಅಂತ ಬರೆದಿದ್ದೀಯಲ್ಲ, ಓದಿ ಒಬ್ಬನೇ ನಕ್ಕೆ. ನನ್ನ ಕಿವಿ ಹಿಂಡಿ ಟೆಟನಸ್ ಇಂಜೆಕ್ಷನ್ ಚುಚ್ಚಿದವಳು ನೀನು. ನನ್ನಿಂದ ಆ ಮರ್ಯಾದೆಯೆಲ್ಲ ಆಗುವುದಿಲ್ಲ, ನೀನು ಅಂತಲೇ ಬರೆಯುತ್ತೇನೆ. ಅಕ್ಷರ ಕೋಳಿ ಕೆದಕಿದ ಹಾಗಿದೆ ಅಂತ ಬೈಯಬೇಡ. ಎಡಗೈ. ಬಲಗೈಯ ಕಥೆ ನಿನಗೆ ಗೊತ್ತಿಲ್ಲದೆ ಇಲ್ಲ.

ಗ್ರಂಥಾಲಯದ ಹುಡುಗಿ ಇಲ್ಲಿಗೂ ಬಂದಿದ್ದಳು. ಪಾಪ, ಎರಡು ಲೋಟ ನೀರು ಕುಡಿದು ಧೈರ್ಯ ಮಾಡಿಕೊಂಡು ಕೇಳಿದಳು: “ಸರ್, ನೀವು ಯಾಕೆ ಬಾಯಿ ಬಿಟ್ರಿ?” ಮೂವತ್ತೆಂಟು ವರ್ಷದಲ್ಲಿ ನನ್ನನ್ನು ನೇರವಾಗಿ ಕೇಳಿದವಳು ಅವಳೊಬ್ಬಳೇ. ಉಳಿದವರೆಲ್ಲ ಕೇಳದೆಯೇ ತೀರ್ಮಾನ ಮಾಡಿಕೊಂಡರು. ನಾನು ಅವಳಿಗೆ ಬೇರೆ ಕಥೆ ಹೇಳಿದೆ. ಗೋಡೆ ಬರೆಯಲು ಹೋದಾಗ ಅದು ಪೊಲೀಸ್ ಕ್ವಾರ್ಟರ್ಸಿನ ಗೋಡೆ ಅಂತ ಗೊತ್ತಾಗದೆ ನಾನೂ ತಮ್ಮನೂ ಆ ತುದಿಯಿಂದ ಈ ತುದಿಯವರೆಗೆ ಬರೆದು ಮುಗಿಸಿದ್ದು. ವಕೀಲರು ಹನ್ನೊಂದು ಜನರ ಮುಂದೆ ಒಂದೂವರೆ ಗಂಟೆ ಭಾಷಣ ಮಾಡಿದ್ದು, ಆ ಹನ್ನೊಂದರಲ್ಲಿ ನಾಲ್ವರು ಮಫ್ತಿ ಪೊಲೀಸರಾಗಿದ್ದದ್ದು. ಅವಳು ನಕ್ಕಳು. ಮುಖ್ಯ ಪ್ರಶ್ನೆಗೆ ಮಾತ್ರ, “ಅಕ್ಕನ್ನ ಕೇಳ್ಕೊಂಡು ಹೇಳ್ತೀನಮ್ಮ” ಅಂದೆ.

ಹುಡುಗಾಟಿಕೆ ಅಂದೆಯಲ್ಲ, ಅದು ನನಗೆ ನಾಟಿತು. ಮಾಳಿಗೆಯ ಮೇಲೆ ಆ ದಿನ ವಕೀಲರು ಹೇಳಿದ್ದು ಮರೆತೆಯಾ? ಸಿಕ್ಕಿಬಿದ್ದವನು ಒಂದು ಹಗಲು ಒಂದು ರಾತ್ರಿ ತಡೆಯಬೇಕು. ಗಿರಣಿ ಮುಚ್ಚಿದ್ದರೂ ವರ್ಕ್‌ಶಾಪಿನ ಸೈರನ್ ದಿನಕ್ಕೆ ಮೂರು ಸಲ ಕೂಗುತ್ತದೆ, ಆರಕ್ಕೆ, ಎರಡಕ್ಕೆ, ಹತ್ತಕ್ಕೆ. ಮೂರು ಸೈರನ್ ಲೆಕ್ಕ. ಅಷ್ಟರಲ್ಲಿ ಉಳಿದವರು ಜಾಗ ಖಾಲಿ ಮಾಡಬೇಕು. ಆಮೇಲೆ ಅವನು ಏನು ಹೇಳಿದರೂ ಅವನ ಮೇಲೆ ತಪ್ಪಿಲ್ಲ. ತಮ್ಮ ಎಗರಾಡಿದ, ನಾವೇನು ಹೇಡಿಗಳಾ ಅಂದ. ಅವನನ್ನು ಒಪ್ಪಿಸಿದವಳು ನೀನು. “ಮನುಷ್ಯನ ಕೈಲಿ ಆಗೋಷ್ಟನ್ನೇ ಕೇಳ್ಬೇಕು ಕಣೋ” ಅಂದೆ. ನಮ್ಮಲ್ಲಿ ನೋವು ಅಂದರೆ ಏನೆಂದು ತಿಳಿದಿದ್ದವಳು ನೀನೊಬ್ಬಳೇ, ದಿನಾ ವಾರ್ಡಿನಲ್ಲಿ ನೋಡುತ್ತಿದ್ದೆ.

ಸೋಮವಾರ ಬೆಳಿಗ್ಗೆ ಆರರ ಪಾಳಿಗೆ ಗೇಟು ದಾಟುವಾಗ ನನ್ನನ್ನು ಹಿಡಿದರು. ನಾನು ಆರು ಸೈರನ್ ತಡೆದೆ, ಅಕ್ಕ. ಬುಧವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೇಳಿದೆ.

ಹೋರಾಟದ ಬಗ್ಗೆ ವಕೀಲರು ಬರೆದ ಪುಸ್ತಕ ನನ್ನ ಹತ್ತಿರ ಇದೆ. ನಾನು ಸಿಕ್ಕಿಬಿದ್ದ ಸುದ್ದಿ ನಿನಗೆ ಇಸ್ತ್ರಿಯವನ ಕೈಯಲ್ಲಿ ಬರಬೇಕಿತ್ತು, ಯೂನಿಫಾರಮ್ಮಿನ ಕಾಲರ್ ಒಳಕ್ಕೆ ಮಡಚಿದ್ದರೆ ಅದೇ ಗುರುತು. ಆ ಇಸ್ತ್ರಿ ಬಟ್ಟೆಯ ಗಂಟು ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ನಿನ್ನ ಕೈ ಸೇರಿತು ಅಂತ ಪುಸ್ತಕದಲ್ಲಿದೆ. ಅಂದರೆ ಏಳನೆಯ ಸೈರನ್ನಿನ ತನಕ, ಎರಡು ಗಂಟೆಯವರೆಗೆ, ಇನ್ನು ಮೂರು ತಾಸು ನಾನು ಹಲ್ಲು ಕಚ್ಚಿಕೊಂಡಿದ್ದರೆ ತಮ್ಮ ಬದುಕುತ್ತಿದ್ದ.

ನನಗೆ ಬೇಕಾದದ್ದು ಇಷ್ಟೇ. ಅದು ಒಂದು ಗಂಟೆಯೇ ಹೌದಾ? ಅವಸರದಲ್ಲಿ ತಪ್ಪು ನೆನಪಿರಬಹುದಾ? ನಾಲ್ಕೋ ಐದೋ ಆಗಿದ್ದರೆ ಆ ಮೂರು ತಾಸಿಗೆ ಅರ್ಥವಿರುತ್ತಿರಲಿಲ್ಲ. ಸ್ವಲ್ಪ ಯೋಚಿಸಿ ಹೇಳು.

ಇಂತಿ ನಿನ್ನ
ಬೋಲ್ಟು


ಜೂನ್ 16

ಬೋಲ್ಟು ಅವರಿಗೆ,

ಕಾಗದ ಬಂತು. ಅಕ್ಷರ ಚೆನ್ನಾಗಿಯೇ ಇದೆ.

ಒಂದು ಗಂಟೆ ಅಂತಲೇ ನೆನಪು. ಅಂಥ ದಿನ ಗಡಿಯಾರ ನೋಡುವವರು ಯಾರು? ಇಷ್ಟು ವರ್ಷದ ಮೇಲೆ ತಾಸುಗಳನ್ನು ಎಣಿಸಿ ನೀವು ಸಾಧಿಸುವುದೇನು? ಅವನಂತೂ ಹಿಂದಕ್ಕೆ ಬರುವುದಿಲ್ಲ. ನೂರ ಮೂರು ಡಿಗ್ರಿ ಜ್ವರದಲ್ಲಿ ಎದ್ದು ನಿಲ್ಲಲಾಗದವನು ಟ್ಯಾಂಕಿನವರೆಗೆ ಓಡಿಹೋದನಂತೆ, ಓಡುತ್ತಿದ್ದಾಗ ಗುಂಡು ತಗುಲಿತಂತೆ. ಪೊಲೀಸರ ಆ ವರದಿಗೆ ನಮ್ಮ ಆಸ್ಪತ್ರೆಯ ಡಾಕ್ಟರೇ ಸಹಿ ಹಾಕಿದರು. ಅದೇ ಡಾಕ್ಟರ ಕೈಕೆಳಗೆ ನಾನು ಇನ್ನೂ ಒಂಬತ್ತು ವರ್ಷ ಕೆಲಸ ಮಾಡಿದೆ. ಎಣಿಸಬೇಕಾದರೆ ಅದನ್ನು ಎಣಿಸಿ.

ಅಮ್ಮ ಹೋಗಿ ಹನ್ನೊಂದು ವರ್ಷವಾಯಿತು. ಕೊನೆಗೆ ನನ್ನ ಗುರುತೂ ಅವಳಿಗೆ ಹತ್ತುತ್ತಿರಲಿಲ್ಲ. ಪ್ರತಿ ಸಂಜೆ ಊಟದ ಡಬ್ಬಿ ತೊಳೆದು ಒರೆಸಿ ಬಾಗಿಲ ಹತ್ತಿರ ಇಡುತ್ತಿದ್ದಳು, ಮಗನಿಗೆ ಕೊಂಡೊಯ್ಯಬೇಕು ಅಂತ. ಅವಳ ಬಾಯಲ್ಲಿ ನಿಮ್ಮ ಹೆಸರು ಹೇಗೆ ಬರುತ್ತಿತ್ತು ಅನ್ನುವುದನ್ನು ನಾನು ಬರೆಯುವುದಿಲ್ಲ.

ಹಳಬರೆಲ್ಲ ಖಾಲಿಯಾಗುತ್ತಿದ್ದಾರೆ. ಹಾಲಿನ ವ್ಯಾನಿನವನು ನೆನಪಿದ್ದಾನಲ್ಲ, ಹೋದ ವರ್ಷ ತೀರಿಕೊಂಡ. ದಾರಿಯಲ್ಲಿ ಎಲ್ಲಿ ಸಿಕ್ಕರೂ ಆ ಬೆಳಿಗ್ಗೆಯ ಮಾತನ್ನೇ ಎತ್ತಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಕಡೆಕಡೆಗೆ ಅವನನ್ನು ಕಂಡರೆ ನಾನು ಆಚೆ ಬದಿಯ ರಸ್ತೆಗೆ ದಾಟುತ್ತಿದ್ದೆ.

ನಿಮಗೆ ಮಗಳಿದ್ದಾಳೆ ಅಂತ ಆ ಹುಡುಗಿ ಹೇಳಿದಳು. ಔಷಧಿ ಅಂಗಡಿಯಲ್ಲಿ ಕೆಲಸವಂತೆ. ಮಗಳು ಜೊತೆಗಿರುವುದು ದೊಡ್ಡ ಆಸರೆ. ಹಳೆಯದನ್ನೆಲ್ಲ ಕೆದಕದೆ ನೆಮ್ಮದಿಯಾಗಿರಿ.

ಅಕ್ಕ


ಜುಲೈ 4

ಅಕ್ಕನಿಗೆ,

ನೆಮ್ಮದಿಯ ವಿಷಯ ಆಮೇಲೆ. ನೀನು ಕೇಳದೆ ಇದ್ದರೂ ಒಂದು ಸಂಗತಿ ಹೇಳಿಬಿಡುತ್ತೇನೆ, ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ಲಾಕಪ್ಪಿನಲ್ಲಿ ಕಿಟಕಿ ಇರಲಿಲ್ಲ, ಸೈರನ್ ಮಾತ್ರ ಕೇಳುತ್ತಿತ್ತು. ಅವರು ಏನು ಮಾಡಿದರು ಅನ್ನುವುದು ಬೇಡ. ಬಲಗೈಯನ್ನು ಕುರ್ಚಿಯ ಕಾಲಿನ ಕೆಳಗೆ ಇಟ್ಟು ಒಬ್ಬ ದಪ್ಪನೆಯವನು ಅದರ ಮೇಲೆ ಕೂತ ಅಂದರೆ ಸಾಕು. ಕೂತುಕೊಂಡೇ ಬಿಸ್ಕತ್ತು ತಿಂದ. ಮಂಗಳವಾರ ಬೆಳಿಗ್ಗೆ ಮೂರನೆಯ ಸೈರನ್ ಕೂಗಿದಾಗ ನನಗೆ ನಗು ಬಂತು. ತಮ್ಮ ಈಗ ಹಾಲಿನ ವ್ಯಾನಿನಲ್ಲಿ ಊರು ದಾಟಿ ಇಟ್ಟಿಗೆ ಗೂಡಿನ ಶೆಡ್ಡಿನಲ್ಲಿ ಕಾಲು ಚಾಚಿ ಕೂತಿರುತ್ತಾನೆ ಅಂದುಕೊಂಡೆ. ಯಾಕೆ ನಗ್ತೀಯೋ ಅಂತ ಅದಕ್ಕೂ ಹೊಡೆದರು.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಹೇಳಬಹುದಿತ್ತು. ಆದರೆ ವ್ಯಾನ್ ಕೆಟ್ಟಿದ್ದರೆ? ಅವನ ಜ್ವರ ಏರಿದ್ದರೆ? ಇರಲಿ, ಇನ್ನೊಂದು ಕೊಡೋಣ ಅಂದುಕೊಂಡೆ. ನಾಲ್ಕು ಕೊಟ್ಟೆ, ಐದು ಕೊಟ್ಟೆ, ಆರು ಕೊಟ್ಟೆ. ಆಗ ಮಗಳೂ ಹುಟ್ಟಿರಲಿಲ್ಲ, ಮದುವೆಯೂ ಆಗಿರಲಿಲ್ಲ, ಕೊಡುವುದಕ್ಕೆ ನನ್ನ ಹತ್ತಿರ ಇದ್ದದ್ದು ಅದೊಂದೇ. ಬುಧವಾರ ಬೆಳಿಗ್ಗೆ ಎಡಗೈಯನ್ನು ಹಿಡಿದರು. ಆಗ ಹೇಳಿದೆ. ಊರಲ್ಲಿಲ್ಲದ ನಿಮ್ಮ ಆಸ್ಪತ್ರೆಯ ಮೇಟ್ರನ್ ಬಾಯಿಯವರ ಬೀಗ ಹಾಕಿದ ಮನೆ, ಮಹಡಿ ಅಂದೆ. ಬೀಗದ ಕೈ ನಿನ್ನ ಹತ್ತಿರ ಅಂತ ಮಾತ್ರ ಹೇಳಲಿಲ್ಲ. ಖಾಲಿ ಮನೆಯ ವಿಳಾಸ ಕೊಡುತ್ತಿದ್ದೇನೆ ಅಂದುಕೊಂಡೇ ಕೊಟ್ಟೆ. ಹೇಳಿ ಮುಗಿಸಿ ನಿದ್ದೆ ಹೋದೆ. ಎಬ್ಬಿಸಿ ಸುದ್ದಿ ತಿಳಿಸಿದವನು ಆ ದಪ್ಪನೆಯವನೇ.

ಜೈಲಿನಿಂದ ಬಂದ ಮೇಲೆ ವಕೀಲರ ಹತ್ತಿರ ನಿಯಮದ ಮಾತು ತೆಗೆದೆ. “ಈಗ ಅದನ್ನ ಎತ್ತಿದ್ರೆ ಇರೋ ನಾಲ್ಕು ಜನಾನೂ ಚದುರಿ ಹೋಗ್ತಾರೆ, ಸುಮ್ನಿರು” ಅಂದರು. ಸುಮ್ಮನಾದೆ. ಲೇತ್ ಹಿಡಿಯುವ ಕೈ ಹೋಗಿತ್ತು. ಈ ಊರಿಗೆ ಬಂದು ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಚೀಟಿ ಹರಿದು ಕೊಡುತ್ತ ಕೂತೆ. ಹೆಂಡತಿಗೆ ಮದುವೆಯ ಮುಂಚೆಯೇ ಹೇಳಿದ್ದೆ, ಅವಳು ಒಳ್ಳೆಯವಳು, ಬೇಗ ಹೋದಳು. ಮಗಳಿಗೆ ಹೇಳಿದ್ದು ಊರು.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗ ವ್ಯತ್ಯಾಸವಾದರೂ ಬೋಲ್ಟು ಕೂರುವುದಿಲ್ಲ, ಆ ಅಭ್ಯಾಸ ಇನ್ನೂ ಹೋಗಿಲ್ಲ. ಹಾಲಿನ ವ್ಯಾನಿನವನು ಆ ಬೆಳಿಗ್ಗೆಯ ಮಾತು ಎತ್ತುತ್ತಿದ್ದ ಅಂತ ಬರೆದಿದ್ದೀಯ. ಅವನು ಬರುತ್ತಿದ್ದದ್ದು ಬೆಳಿಗ್ಗೆ ಐದಕ್ಕೆ, ಅದೂ ನೀನು ಹೇಳಿ ಕಳಿಸಿದರೆ. ನಿನಗೆ ಸುದ್ದಿ ಬಂದದ್ದು ಬುಧವಾರ ಮಧ್ಯಾಹ್ನವಾದರೆ ಅವನಿಗೆ ನೀನು ಹೇಳಿ ಕಳಿಸಿದ್ದು ಯಾವಾಗ? ಬುಧವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತಲ್ಲ.

ಅದು ಯಾವ ಬೆಳಿಗ್ಗೆ, ಅಕ್ಕ?

ಬೋಲ್ಟು


ಸೆಪ್ಟೆಂಬರ್ 9

ಅಕ್ಕನಿಗೆ,

ಎರಡು ತಿಂಗಳಾಯಿತು. ಅಂಚೆಯವನು ನಮ್ಮ ಗೇಟು ಬಂದಾಗ ಈಗ ಸೈಕಲ್ ನಿಧಾನ ಮಾಡುತ್ತಾನೆ, ಇಲ್ಲ ಅಂತ ತಲೆ ಅಲ್ಲಾಡಿಸಿ ಹೋಗುತ್ತಾನೆ. ಅವನಿಗೂ ನನ್ನ ಮೇಲೆ ಕನಿಕರ.

ಗ್ರಂಥಾಲಯದ ಹುಡುಗಿ ಫೋನು ಮಾಡಿದ್ದಳು. ನಾಲ್ಕನೆಯ ಸಲ ಕೂರಲು ನೀನು ಒಪ್ಪಲಿಲ್ಲವಂತೆ, ಹುಷಾರಿಲ್ಲ ಅಂದೆಯಂತೆ. ನಿಜವಾಗಿ ಹುಷಾರಿಲ್ಲದಿದ್ದರೆ ಮೊದಲು ಔಷಧಿ ತೆಗೆದುಕೋ. ನರ್ಸುಗಳು ಯಾವತ್ತೂ ತಮ್ಮ ಮೈ ನೋಡಿಕೊಳ್ಳುವುದಿಲ್ಲ.

ನೀನು ಸುಮ್ಮನಿರುವುದೇ ಉತ್ತರ ಅಂದುಕೊಳ್ಳುವಷ್ಟು ಜಾಣತನ ನನಗಿಲ್ಲ. ಏನಿದ್ದರೂ ಬರೆದು ಹೇಳು. ಬೈದಾದರೂ ಹೇಳು.

ಬೋಲ್ಟು


ಅಕ್ಟೋಬರ್ 2

ಬೋಲ್ಟು,

ಮಂಗಳವಾರ ಬೆಳಿಗ್ಗೆ.

ನಿನಗೆ ಬೇಕಾದ ಉತ್ತರ ಅಷ್ಟೇ. ಅದನ್ನು ಬರೆಯಲು ನನಗೆ ಮೂರು ತಿಂಗಳು ಹಿಡಿಯಿತು. ಇನ್ನು ಉಳಿದದ್ದನ್ನೂ ನಿಲ್ಲದೆ ಬರೆದುಬಿಡುತ್ತೇನೆ, ನಿಂತರೆ ಮತ್ತೆ ಬರೆಯಲಾರೆ.

ಇಸ್ತ್ರಿಯವನು ತಡ ಮಾಡಲಿಲ್ಲ. ಸೋಮವಾರವೇ, ನಿನ್ನನ್ನು ಹಿಡಿದ ದಿನವೇ, ಸಂಜೆ ನಾಲ್ಕಕ್ಕೆ ನಾನು ಡ್ಯೂಟಿ ಮುಗಿಸಿ ಹೊರಗೆ ಬಂದರೆ ಆಸ್ಪತ್ರೆಯ ಗೇಟಿನಲ್ಲಿ ಗಂಟು ಹಿಡಿದು ನಿಂತಿದ್ದ. “ಸಿಸ್ಟರ್, ಇವತ್ತೇ ಬಿಚ್ಚಿ ನೋಡಿ” ಅಂದ. ಕಾಲರ್ ಒಳಕ್ಕೆ ಮಡಚಿತ್ತು. ಮಾಡಬೇಕಾದದ್ದನ್ನು ಮಾಡಿದೆ, ನಾಳೆ ಐದಕ್ಕೆ ಬಾ ಅಂತ ವ್ಯಾನಿನವನಿಗೆ ಹೇಳಿ ಕಳಿಸಿದೆ. ಆಮೇಲೆ ಮೇಟ್ರನ್ ಬಾಯಿಯವರ ಮನೆಗೆ ಹೋದೆ.

ಮಹಡಿಯಲ್ಲಿ ಅಮ್ಮ ಅವನಿಗೆ ಗಂಜಿ ಕುಡಿಸುತ್ತಿದ್ದಳು. ಜ್ವರ ನೂರ ಮೂರು. ನಾನು ಸುದ್ದಿ ಹೇಳಿದೆ. ಅವನು ಮೊದಲು ಕಣ್ಣು ಮುಚ್ಚಿಕೊಂಡ, ಆಮೇಲೆ ನಕ್ಕ. “ಬೋಲ್ಟನ್ನ ಹಿಡಿದ್ರಾ? ಹಾಗಾದ್ರೆ ಭಯ ಇಲ್ಲ ಬಿಡೇ ಅಕ್ಕ. ಅವನ ಬಾಯಿ ಬಿಚ್ಚೋ ಸ್ಪ್ಯಾನರ್ ಇವರ ಹತ್ರ ಎಲ್ಲಿದೆ?” ನಾನೂ ನಕ್ಕೆ. ನೀನು ಅಲ್ಲಿ ಹೊಡೆತ ತಿನ್ನುತ್ತಿದ್ದೆ, ನಾವು ಇಲ್ಲಿ ನಿನ್ನ ಹೆಸರು ಹೇಳಿ ನಗುತ್ತಿದ್ದೆವು. “ಅವನು ಅಲ್ಲಿ ಜೀವ ಹಿಡ್ಕೊಂಡು ಕೂತಿರ್ತಾನೆ, ನಾವು ಇಲ್ಲಿ ಗಂಟುಮೂಟೆ ಕಟ್ಟಿದ್ರೆ ಅವನನ್ನ ನಂಬಲಿಲ್ಲ ಅಂತಾಗತ್ತೆ” ಅಂದ ತಮ್ಮ. ಅದು ನನಗೆ ಸರಿ ಅನ್ನಿಸಿತು. ಆ ವಯಸ್ಸಿನಲ್ಲಿ ನಮಗೆ ಅಂಥ ಮಾತುಗಳೆಲ್ಲ ಸರಿ ಅನ್ನಿಸುತ್ತಿದ್ದವು. ಆದರೆ ಅವನ ಮಾತನ್ನು ತಳ್ಳಿಹಾಕಿ ಎಬ್ಬಿಸಿ ಕಳಿಸುವುದು ನನ್ನ ಹೊಣೆಯಾಗಿತ್ತು, ಜ್ವರದವನ ಮಾತು ಕೇಳುವ ನರ್ಸು ಎಲ್ಲಿದ್ದಾಳೆ?

ಅಮ್ಮ ನನ್ನನ್ನು ಮೆಟ್ಟಿಲ ಹತ್ತಿರ ಕರೆದಳು. “ಇನ್ನೆರಡು ದಿನ ಇರ್ಲಿ ಕಣೇ. ಐದು ತಿಂಗಳಾದ್ಮೇಲೆ ಮಗ ಕಣ್ಣಿಗೆ ಬಿದ್ದಿದಾನೆ. ಜ್ವರ ಇಳೀಲಿ” ಅಂದಳು. ಮೂರು ಸೈರನ್ನಿನ ಮಾತು ಅವಳಿಗೆ ಗೊತ್ತಿರಲಿಲ್ಲ. ಅವಳ ಮಟ್ಟಿಗೆ ಅದು ಬರೀ ಎರಡು ದಿನ.

ಮಂಗಳವಾರ ಐದಕ್ಕೆ ವ್ಯಾನ್ ಬಂತು. ನಾನೇ ಇಳಿದು ಹೋಗಿ ಇವತ್ತು ಬೇಡ ಅಂದೆ. ಅವನು, “ಸಿಸ್ಟರ್, ನಾಳೆ ನನ್ನ ಗಾಡಿ ಈ ಕಡೆ ಬರಲ್ಲ” ಅಂದ. ಗುರುವಾರ ಬಾ ಅಂದೆ. ಹಾಲಿನ ಕ್ಯಾನುಗಳು ಒಂದಕ್ಕೊಂದು ತಾಗುತ್ತ ತಿರುವಿನವರೆಗೆ ಸದ್ದು ಮಾಡಿದವು. ಆಮೇಲೆ ಸ್ವಲ್ಪ ಹೊತ್ತಿಗೆ ಆರರ ಸೈರನ್ ಆಯಿತು. ಅದು ಮೂರನೆಯದು. ನಾನು ಎಣಿಸಲೂ ಇಲ್ಲ.

ಬುಧವಾರ ಸಂಜೆ ಹೆಣ ಕೊಟ್ಟರು. ಅಮ್ಮ ಅಳಲಿಲ್ಲ, ನನ್ನ ಎರಡೂ ತೋಳು ಹಿಡಿದು, “ಯಾರು ಹೇಳಿದ್ದು?” ಅಂತ ಕೇಳಿದಳು. ನಾನು ಏನು ಹೇಳಬೇಕಿತ್ತು? ಅವನು ಹೋಗಬೇಕಿತ್ತು, ನಾವು ಹಿಡಿದಿಟ್ಟುಕೊಂಡೆವು, ನೀನು ಕೇಳಿದ ಎರಡು ದಿನವೇ ಅವನನ್ನು ತಿಂದಿತು ಅನ್ನಬೇಕಿತ್ತಾ? ‘ಬೋಲ್ಟು’ ಅಂದೆ. ಒಂದೇ ಮಾತು. ಅವಳಿಗೆ ಶಾಪ ಹಾಕಲು ಒಬ್ಬ ಮನುಷ್ಯ ಸಿಕ್ಕ, ಅದನ್ನು ಹಿಡಿದುಕೊಂಡು ಇಪ್ಪತ್ತೇಳು ವರ್ಷ ಬದುಕಿದಳು. ವಕೀಲರು ಗಂಟು ಯಾವಾಗ ಬಂತು ಅಂತ ಕೇಳಿದಾಗ ಇವತ್ತು ಒಂದು ಗಂಟೆಗೆ ಅಂದೆ. ಅವರು ಇಸ್ತ್ರಿಯವನಿಗೆ ಎಲ್ಲರೆದುರು ಛೀಮಾರಿ ಹಾಕಿದರು. “ನಾನು ಸೋಮವಾರನೇ ಕೊಟ್ನಲ್ಲ ಸಿಸ್ಟರ್” ಅಂತ ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅಂಗಡಿ ಮುಚ್ಚಿ ಎಲ್ಲಿಗೋ ಹೋದ. ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ.

ಅಮ್ಮ ಇರುವವರೆಗೆ ಅಮ್ಮನಿಗಾಗಿ ಅಂದುಕೊಂಡೆ. ಅವಳು ಹೋದ ಮೇಲಿನ ಹನ್ನೊಂದು ವರ್ಷಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ. ಹುತಾತ್ಮನ ಅಕ್ಕ ಅಂತ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು, ಕೂತೆ.

ಏಳನೆಯ ಸೈರನ್ ಬೇಕಾಗಿರಲಿಲ್ಲ, ಬೋಲ್ಟು. ನಾಲ್ಕನೆಯದೂ ಬೇಕಾಗಿರಲಿಲ್ಲ. ನೀನು ಕೊಡಬೇಕಾದದ್ದನ್ನು ಮಂಗಳವಾರ ಬೆಳಿಗ್ಗೆಯೇ ಕೊಟ್ಟು ಮುಗಿಸಿದ್ದೆ. ನಾನು ತೆಗೆದುಕೊಳ್ಳಲಿಲ್ಲ.

ನಿನ್ನೆ ಗ್ರಂಥಾಲಯದ ಹುಡುಗಿಯನ್ನು ಕರೆಸಿ ಇದನ್ನೆಲ್ಲ ಹೇಳಿದೆ. ಅವಳು ನಡುವೆ ಒಮ್ಮೆ ಯಂತ್ರ ನಿಲ್ಲಿಸಿದಳು. ನಾನು ಮತ್ತೆ ಹಾಕಿಸಿದೆ. ಕಲ್ಲಿನ ಪರದೆಗೆ ಬೇರೆಯವರನ್ನು ನೋಡಿಕೊಳ್ಳಿ ಅಂತ ಸಮಿತಿಗೂ ಬರೆದಿದ್ದೇನೆ.

ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ.

ಅಕ್ಕ


ಅಕ್ಟೋಬರ್ 20

ಅಕ್ಕನಿಗೆ,

ನಿನ್ನ ಕಾಗದ ಓದಿ ಹಗುರಾಗಬೇಕಿತ್ತು. ಹಾಗಂತ ಕಾದು ನೋಡಿದೆ. ಆಗಲಿಲ್ಲ.

ಆ ಏಳನೆಯ ಸೈರನ್ ನನ್ನ ತಲೆಯಲ್ಲಿ ದಿನಾ ಮಧ್ಯಾಹ್ನ ಎರಡಕ್ಕೆ ಕೂಗಿದೆ. ಮದುವೆಯ ದಿನ ಕೂಗಿದೆ, ಮಗಳು ಹುಟ್ಟಿದ ದಿನ ಕೂಗಿದೆ. ಮೂರು ತಾಸು ತಡೆಯಲಾರದೆ ತಮ್ಮನನ್ನು ಕೊಂದವನು ನಾನು ಅಂತ ನನಗೆ ನಾನೇ ಹೇಳಿಕೊಂಡಷ್ಟು ಊರಿನವರೂ ಹೇಳಿಲ್ಲ. ನಿನ್ನ ಒಂದು ಸಾಲು ಸಾಕಿತ್ತು. ಒಂದು ಕಾರ್ಡು. ಹೆಸರು ಹಾಕದೆ ಬರೆದಿದ್ದರೂ ನಡೆಯುತ್ತಿತ್ತು.

ವ್ಯಾನ್ ವಾಪಸ್ ಕಳಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಅಮ್ಮ ಹಾಗೆ ಕೇಳಿದ್ದರೆ ನಾನೂ ಕಳಿಸುತ್ತಿದ್ದೆನೇನೋ. ಆದರೆ ನನ್ನನ್ನು ನಂಬಿ ಕೂತೆವು ಅಂತ ಬರೆದಿದ್ದೀಯಲ್ಲ, ಅದನ್ನು ಹೊಗಳಿಕೆ ಅಂತ ನನಗೆ ಕೊಡಬೇಡ. ಯಾರನ್ನೂ ಅಷ್ಟು ನಂಬಬಾರದು ಅಂತಲೇ ನಾವು ಆ ನಿಯಮ ಮಾಡಿಕೊಂಡದ್ದು. ಇನ್ನು ಅಮ್ಮನ ಮುಂದೆ ನನ್ನ ಹೆಸರು ಹೇಳಿದ್ದು. ಅವಳ ಕೈಯಿಂದ ನಾನು ಎಷ್ಟು ಸಲ ಊಟ ಮಾಡಿದ್ದೆ ಅಂತ ನಿನಗೆ ಗೊತ್ತು. ಅದನ್ನು ನಾನು ಬಿಡಲಾರೆ, ಸಾಯುವ ತನಕ ಬಿಡಲಾರೆ. ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡುವ ವಯಸ್ಸು ಇದಲ್ಲ.

ಗ್ರಂಥಾಲಯಕ್ಕೆ ಹೇಳಿದೆಯಂತೆ. ಒಳ್ಳೆಯದು. ಪುಸ್ತಕವನ್ನು ಯಾರು ಓದುತ್ತಾರೋ ಗೊತ್ತಿಲ್ಲ. ನೀನು ಹೇಳಬೇಕಾದವಳು ಒಬ್ಬಳಿದ್ದಾಳೆ. ನನ್ನ ಮಗಳು ‘ಹಿಡಿದುಕೊಟ್ಟವನ ಮಗಳು’ ಅನ್ನಿಸಿಕೊಂಡು ಶಾಲೆ ಮುಗಿಸಿದಳು. ಗಂಡಿನ ಕಡೆಯವರು ಗಿರಣಿ ಸಂಘದವರು ಅಂತ ಗೊತ್ತಾಗಿ ಒಂದು ಸಂಬಂಧ ಮುರಿಯಿತು, ಆಮೇಲೆ ಅವಳೇ ಬೇಡ ಅಂದಳು. ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಮಾತು ಕಡಿಮೆ. ನಾನಾಗಿ ಹೇಳಿದರೆ ತಪ್ಪಿಸಿಕೊಳ್ಳುವ ಮಾತು ಅಂದುಕೊಳ್ಳುತ್ತಾಳೆ ಅಂತ ಹೇಳಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆರು ಸೈರನ್ ಸಾಲಲಿಲ್ಲ ಅಂತ ನಾನೇ ನಂಬಿದ್ದೆ, ಇನ್ನು ಹೇಳುವುದೇನು?

ಭಾನುವಾರ ಅವಳು ಮನೆಯಲ್ಲಿರುತ್ತಾಳೆ. ಬಸ್ಸು ವೇಬ್ರಿಡ್ಜಿನ ಹತ್ತಿರವೇ ನಿಲ್ಲುತ್ತದೆ, ಅಲ್ಲಿಂದ ಎಡಕ್ಕೆ ಮೂರನೆಯ ಗೇಟು. ಬಂದು ಅವಳ ಮುಂದೆ ಕೂತು ಹೇಳು. ನಾನು ಆ ಹೊತ್ತಿಗೆ ಮನೆಯಲ್ಲಿರುವುದಿಲ್ಲ. ನಿನ್ನ ಮುಖ ನೋಡಿದರೆ ಹಳೆಯ ಸಲಿಗೆಗೆ ಮೆತ್ತಗಾಗಿಬಿಡುತ್ತೇನೆ, ಅದು ನನಗೆ ಬೇಡ.

ಬೋಲ್ಟು


ನವೆಂಬರ್ 11

ಮೇಡಂ,

ಅಪ್ಪನ ಪೆಟ್ಟಿಗೆಯಲ್ಲಿದ್ದ ನಿಮ್ಮ ಕವರಿನಿಂದ ವಿಳಾಸ ತೆಗೆದುಕೊಂಡೆ. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ನೀವು ಬಂದು ಹೋಗಿ ಒಂಬತ್ತು ದಿನವಾಯಿತು. ಅವತ್ತು ನಾನು ನಿಮಗೆ ಒಂದು ಮಾತೂ ಆಡಲಿಲ್ಲ, ನೀರು ಕೊಟ್ಟು ಗೇಟಿನವರೆಗೆ ಬಂದೆ ಅಷ್ಟೇ. ಅದು ಸಿಟ್ಟು ಅಂದುಕೊಂಡು ಹೋಗಿರುತ್ತೀರಿ. ಸಿಟ್ಟೂ ಇತ್ತು. ಮೆಟ್ಟಿಲು ಇಳಿಯಲು ನಿಮಗೆ ಕಷ್ಟವಾದದ್ದು ನೋಡಿಯೂ ಕೈ ಹಿಡಿಯಲಿಲ್ಲ, ಬೇಕೆಂದೇ ಹಿಡಿಯಲಿಲ್ಲ.

ಸಂಜೆ ಅಪ್ಪ ಬಂದರು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ನನ್ನ ಕಡೆ ನೋಡದೆ, “ಬಂದಿದ್ರಾ?” ಅಂದರು. “ಹೂಂ” ಅಂದೆ. “ಎಲ್ಲಾ ಹೇಳಿದ್ರಾ?” “ಹೇಳಿದ್ರು.” ಅವರು ಇನ್ನೂ ಸ್ವಲ್ಪ ಹೊತ್ತು ಟವೆಲ್ ಹಿಡಿದು ನಿಂತಿದ್ದರು. ನಾನು ಏನಾದರೂ ಹೇಳುತ್ತೇನೆ ಅಂತ ಕಾಯುತ್ತಿದ್ದರು ಅನ್ನುವುದು ನನಗೆ ಗೊತ್ತಿತ್ತು. ಅನ್ನಕ್ಕೆ ಇಡುತ್ತೇನೆ ಅಂತ ಒಳಗೆ ಹೋದೆ.

ನೀವು ಕ್ಷಮೆ ಕೇಳಲಿಲ್ಲ, ನಾನೂ ಕೊಡುವವಳಲ್ಲ, ಅದು ಅಪ್ಪನಿಗೆ ಬಿಟ್ಟದ್ದು. ಅವತ್ತು ನಿಮಗೆ ಹೇಳದೆ ಉಳಿದ ಒಂದು ವಿಷಯವಿದೆ. ಹದಿನಾರು ವರ್ಷದವಳಿದ್ದಾಗ ಶಾಲೆಯಿಂದ ಅಳುತ್ತಾ ಬಂದ ಒಂದು ದಿನ ಅಪ್ಪನ ಮುಂದೆ ನಿಂತು ಕಿರುಚಿದ್ದೆ. “ನೀನು ಒಂದು ದಿನ ಬಾಯಿ ಮುಚ್ಕೊಂಡಿದ್ರೆ ಆಗ್ತಿರ್ಲಿಲ್ವಾ? ಕೈ ಹೋದ್ರೆ ಹೋಗ್ಲಿ ಅಂತ ಇರೋಕಾಗ್ಲಿಲ್ವಾ?” ಅಂದೆ. ಅವರು ಎಡಗೈಯಲ್ಲಿ ಬಟ್ಟೆ ಒಗೆಯುತ್ತಿದ್ದರು. “ತಪ್ಪಾಯ್ತು ಮಗಾ” ಅಂದರು. ನನಗೇ ತಪ್ಪಾಯ್ತು ಅಂದರು. ನಾನು ಅದನ್ನು ಇದ್ದ ಹಾಗೇ ತೆಗೆದುಕೊಂಡೆ. ಆಮೇಲೆ ಹದಿನೆಂಟು ವರ್ಷ ಒಂದೇ ಮನೆಯಲ್ಲಿ ಇದ್ದೇವೆ. ನಾನು ಒಮ್ಮೆಯೂ ಕೇಳಲಿಲ್ಲ, ನಿಜವಾಗಿ ಏನಾಯಿತು ಅಂತ.

ಅವರು ಆರು ಸೈರನ್ ತಡೆದದ್ದು ನನಗೆ ತಿಳಿದದ್ದು ನಿಮ್ಮ ಬಾಯಿಂದ, ಕೇಳದೆಯೇ.

ಅವತ್ತು ಕಿರುಚಿದ್ದು ನನ್ನ ತಪ್ಪು ಅಂತ ಇವತ್ತು ಅಪ್ಪನಿಗೆ ಹೇಳಿಬಿಡಬೇಕು ಅಂತ ಒಂಬತ್ತು ದಿನದಿಂದ ದಿನಾ ಬೆಳಿಗ್ಗೆ ಅಂದುಕೊಳ್ಳುತ್ತೇನೆ. ಕಾಫಿ ಕೊಡುತ್ತೇನೆ, ಮಾತ್ರೆ ಕೊಡುತ್ತೇನೆ, ಬಿ.ಪಿ. ನೋಡುತ್ತೇನೆ, ಅಂಗಡಿಗೆ ಹೊರಡುತ್ತೇನೆ. ಅಂಗಡಿಯಲ್ಲಿ ಕೂತು ಸಂಜೆ ಹೇಳೋಣ ಅಂದುಕೊಳ್ಳುತ್ತೇನೆ. ನೀವು ಇಷ್ಟು ವರ್ಷ ಹೇಗೆ ಸುಮ್ಮನಿದ್ದಿರಿ ಅನ್ನುವುದು ಮೊದಲ ದಿನ ನನಗೆ ಅರ್ಥವಾಗಿರಲಿಲ್ಲ. ಈಗ ಸ್ವಲ್ಪ ಆಗುತ್ತಿದೆ, ಅದಕ್ಕೇ ಹೆದರಿಕೆಯಾಗಿ ನಿಮಗೆ ಬರೆಯುತ್ತಿದ್ದೇನೆ.

ಅಪ್ಪ ಪಕ್ಕದ ಕೋಣೆಯಲ್ಲಿದ್ದಾರೆ. ಎಚ್ಚರವಾಗಿದ್ದಾರೆ, ಕೆಮ್ಮುವುದು ಕೇಳುತ್ತಿದೆ. ನಡುವೆ ಇರುವುದು ಒಂದು ಗೋಡೆ, ಬಾಗಿಲು ತೆರೆದೇ ಇದೆ. ಪೆನ್ನು ಕೆಳಗಿಟ್ಟು ಎದ್ದು ಹೋಗಬೇಕು. ಹೋಗುತ್ತೇನೆ ಅಂತ ನಿಮಗೆ ಬರೆದು ಕೊಡಲಾರೆ.

ಅವರ ಮಗಳು